ಕಲೆಯಿಲ್ಲದ ಕಾಲು

ಶಿರಸಿ
೨೨ ಸೆಪ್ಟೆಂಬರ್ ೨೦೦೩

ಸುಹಾಸ ಅವರಿಗೆ ಸ್ಫೂರ್ತಿಯ ನಮಸ್ಕಾರ.

ನಿನ್ನೆ ನೀವು ಊಟ ಮಾಡಿ ಹೋದ ಮೇಲೆ ನಮ್ಮ ಮನೆಯಲ್ಲಿ ಭಾವೀ ಅಳಿಯನ ಚಾರಣದ್ದೇ ಮಾತು. ಬೆನ್ನಿಗೆ ಚೀಲ ಹಾಕಿಕೊಂಡು ಹೋದ ವಾರ ಇಡಗುಂದಿಯ ಆಚೆಯ ಕಾಡಿನಲ್ಲಿ ಮೂರು ದಿನ ನಡೆದದ್ದು, ಗುಡ್ಡದ ಮೇಲಿನ ಎರಡು ಕೆರೆಗಳು, ದಡದ ಹುಲ್ಲಿನ ಮೇಲೆ ಮಲಗಿದ್ದು, ಎಲ್ಲವನ್ನೂ ಬಹಳ ಚೆಂದ ಮಾಡಿ ಹೇಳಿದಿರಿ.

ನಾನು ಮಾತ್ರ ನಿಮ್ಮ ಕಾಲು ನೋಡುತ್ತಿದ್ದೆ. ಬಂದ ಕೂಡಲೇ ಕಾಲು ತೊಳೆಯಲು ನೀರು ಕೊಟ್ಟವಳು ನಾನೇ ತಾನೆ. ಮಳೆ ಇನ್ನೂ ಬಿಟ್ಟಿಲ್ಲ. ನಾವು ಸೊಪ್ಪಿಗೆಂದು ಅರ್ಧ ತಾಸು ಬೆಟ್ಟಕ್ಕೆ ಹೋದರೂ ಉಂಬಳ, ಹಾಳು ಜಿಗಣೆಗಳು, ಕಾಲಿಗೆ ಹತ್ತಿ ರಕ್ತ ಹೀರುತ್ತವೆ. ಕಚ್ಚಿದ ಕಲೆ ಹದಿನೈದು ದಿನ ತುರಿಸುತ್ತದೆ. ನಿಮ್ಮ ಕಾಲಿನಲ್ಲಿ ಒಂದು ಕಲೆಯೂ ಇರಲಿಲ್ಲ.

"ಬೂಟು ಹಾಕ್ಯಂಡು ಹೋಗಿಕ್ಕು, ಸುಮ್ಮಂಗಿರು" ಎಂದಳು ಆಯಿ. ಇರಬಹುದು. ಆದರೆ ಉಂಬಳಕ್ಕೆ ಮುಟ್ಟಿಸಿ ಬಿಡಿಸಲು ನಾನು ಅಣ್ಣನ ಕೈಲಿ ಕಳಿಸಿದ್ದ ಉಪ್ಪಿನ ಗಂಟನ್ನು "ಭಾರೀ ಉಪಯೋಗ ಆತು" ಎಂದು ವಾಪಸು ಕೊಟ್ಟಿರಲ್ಲ, ಅದರ ಬಟ್ಟೆ ನಾನು ಕಟ್ಟಿದಾಗ ಇದ್ದಷ್ಟೇ ಬೆಳ್ಳಗಿದೆ.

ಮುಂದಿನ ಭಾನುವಾರ ನನಗೂ ಅಣ್ಣನಿಗೂ ಆ ಕೆರೆಗಳನ್ನು ತೋರಿಸಿ. ನೀವು ಮುಂದೆ ನಡೆಯಿರಿ, ನಾವು ಹಿಂದೆ ಬರುತ್ತೇವೆ. ಉಪ್ಪಿನ ಗಂಟು ನಾನೇ ತರುತ್ತೇನೆ. ನಮ್ಮ ಲಗ್ನಪತ್ರಿಕೆಯ ಕರಡು ಅಲ್ಲಿಯವರೆಗೆ ನನ್ನ ಹತ್ತಿರವೇ ಇರುತ್ತದೆ, ಅಚ್ಚಿಗೆ ಕೊಟ್ಟಿಲ್ಲ.

ಆ ಮೂರು ದಿನ ಎಲ್ಲಿದ್ದಿರಿ ಎಂದು ಮೊದಲೇ ಬರೆದು ತಿಳಿಸಿದರೆ, ಮೂವರಿಗೂ ಅಷ್ಟು ದೂರ ನಡೆಯುವುದು ತಪ್ಪುತ್ತದೆ.

ಉತ್ತರಕ್ಕೆ ಕಾದಿರುವ,
ಸ್ಫೂರ್ತಿ