ಅಕ್ಕಿಕಾಳಿನ ಮೇಲಿನ ಹುಲ್ಲು

ಯಲಹಂಕ
ಭಾನುವಾರ, 9-2-2025
ಸಂಜೆ ಆರೂವರೆ

ಪ್ರೀತಿಯ ಅಣ್ಣಾ,

ಕೆಲಸ ಮುಗಿಸಿ ಈಗಷ್ಟೇ ಬಂದೆ. ಭಾನುವಾರವೂ ಕರೆದಿದ್ದರು, ಇಡೀ ದಿನ ಹುಲ್ಲು ಹಾಕಿದೆ. ನಿನ್ನ ಬಿ.ಪಿ. ಹೇಗಿದೆ? ಮಾತ್ರೆ ಬಿಡಬೇಡ. ಚೈತ್ರ ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೇ? ಹದಿನೈದು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಸಹಕಾರನಗರ ಇಲ್ಲಿಂದ ಏನು ಮಹಾ ದೂರ, ಇವತ್ತು ರಾತ್ರಿ ನಾನೇ ಬಂದು ನಿನ್ನ ಗೇಟಿಗೆ ಸಿಕ್ಕಿಸಿ ಹೋಗುತ್ತೇನೆ. ಬೆಲ್ ಒತ್ತುವುದಿಲ್ಲ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಸರಿಯಾಗಿ ಕೇಳಲಿಲ್ಲ. ಯಶವಂತಪುರದಲ್ಲಿ ಕಾಶಿನಾಥ ಅವರ ಶೆಡ್ಡಿನಲ್ಲಿ ಬಿಲ್ಡರುಗಳಿಗೆ ಬಡಾವಣೆಯ ಪುಟ್ಟ ಮಾಡೆಲ್ ಮಾಡುತ್ತೇವೆ. ಮನೆ, ರಸ್ತೆ ಬೇರೆಯವರದು; ನೆಲ, ಹುಲ್ಲು ನನ್ನದು. ಜರಡಿ ಹಿಡಿದ ಮರದ ಪುಡಿಗೆ ಬಣ್ಣ ಕಲಸಿ, ಒಣಗಿಸಿ, ನೆಲಕ್ಕೆ ಉದುರಿಸುತ್ತೇನೆ. ಅದರ ಮೇಲೆ ಗೋಂದು ಸವರಿ ಸಣ್ಣಗೆ ಕತ್ತರಿಸಿದ ನೈಲಾನ್ ಎಳೆ. ಸೊಳ್ಳೆ ಹೊಡೆಯುವ ಕರೆಂಟ್ ಬ್ಯಾಟಿಗೆ ಟೀ ಜರಡಿ ಕಟ್ಟಿಕೊಂಡು ಅದರಿಂದ ಉದುರಿಸುತ್ತೇನೆ. ಕರೆಂಟಿನ ಸೆಳೆತಕ್ಕೆ ಎಳೆಗಳು ನೆಟ್ಟಗೆ ನಿಲ್ಲುತ್ತವೆ. ಒಂದೇ ಹಸಿರಾದರೆ ಮೇಜಿನ ಬಟ್ಟೆಯ ಹಾಗೆ ಕಾಣುತ್ತದೆಂದು ಒಣಹುಲ್ಲಿನ ಬಣ್ಣವನ್ನೂ ಬೆರೆಸುತ್ತೇನೆ. ಜೊತೆಗೆ ಕೆಲಸ ಮಾಡುವ ಮಲ್ಕಾ, "ಅಕ್ಕಾ, ಬಾಗ್ಲು ಹಾಕಿ, ಮೇಕೆ ನುಗ್ತವೆ" ಎಂದು ನಗಾಡುತ್ತಾಳೆ.

ಹದಿನೈದು ದಿನದ ಹಿಂದೆ ಬಂದ ನಕ್ಷೆಯಲ್ಲಿ ನಮ್ಮ ಬಾಗಲೂರಿನ ಹೊಲ ಇತ್ತು. ಹೆಸರು ಬೇರೆ, ಆದರೆ ಕಾಲುವೆ ತಿರುಗುವ ಜಾಗ ನನಗೆ ಗೊತ್ತಾಗದೆ ಇರುತ್ತದೆಯೇ? ಹೊಂಗೆಮರದ ಮೂಲೆ ಹುಡುಕಿದೆ. ಅಪ್ಪ ಅಮ್ಮನ ಸಮಾಧಿ ಇರುವಲ್ಲಿ 'ಕ್ಲಬ್ ಹೌಸ್ ಲಾನ್' ಎಂದಿತ್ತು. "ಆ ಮೂಲೆ ಹಂಗೇ ಬಿಡ್ತಾರೆ ಕಣೇ, ಮಾತಾಡಿದೀನಿ" ಅಂದಿದ್ದೆ ನೀನು. ಆ ಮಾತಿನ ಮೇಲೆ ಹೊಲದ ಕ್ರಯಪತ್ರಕ್ಕೆ ನಾನೂ ಸಹಿ ಹಾಕಿದೆ. ತಪ್ಪು ನಿನ್ನೊಬ್ಬನದೇ ಅಲ್ಲ.

ಅಮ್ಮ ಹೋದಾಗ ಅಪ್ಪ ಸಮಾಧಿಯ ದಿಬ್ಬದ ಮೇಲೆ ಗರಿಕೆ ನೆಟ್ಟು ದಿನಾ ಸಂಜೆ ಒಂದು ಚೊಂಬು ನೀರು ಹಾಕುತ್ತಿದ್ದರು. ಅಪ್ಪ ಹೋದಾಗ ನೀನು ತಡವಾಗಿ ಬಂದೆ. ಬಾಯಿಗೆ ಅಕ್ಕಿ ಹಾಕುವುದು ಮುಗಿದು ಮಣ್ಣೂ ಮುಚ್ಚಿತ್ತು. ಯಾರೋ ಕೊಟ್ಟ ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದೆ ನೀನು. ಅದಕ್ಕೆ ನಿನ್ನನ್ನು ದೂರುವುದಿಲ್ಲ.

ಇವತ್ತು ಮಾಡೆಲಿನಲ್ಲಿ ಆ ಮೂಲೆಗೆ ಬಂದೆ. ನಮ್ಮ ಅಳತೆಯಲ್ಲಿ ಆರಡಿಯ ಸಮಾಧಿ ಒಂದು ಅಕ್ಕಿಕಾಳಿನಷ್ಟು. ಮನೆಯಿಂದ ಒಯ್ದಿದ್ದ ಎರಡು ಕಾಳನ್ನು ಪಕ್ಕಪಕ್ಕ ಅಂಟಿಸಿ ಮೇಲೆ ಹುಲ್ಲು ನಿಲ್ಲಿಸಿದೆ. ನನ್ನ ಕೈಯಲ್ಲಿ ಇದುವರೆಗೆ ಅಷ್ಟು ಚೆನ್ನಾಗಿ ಹುಲ್ಲು ಬಂದಿರಲಿಲ್ಲ. ಮಧ್ಯಾಹ್ನ ಕಾಶಿನಾಥ ಅವರು ಬೆರಳಾಡಿಸಿ, "ರಾಧಾ, ಇಲ್ಲೇನೋ ಉಬ್ಬಿದೆ. ಲಾನ್ ಕಣಮ್ಮಾ ಇದು, ರಾಗಿ ಹೊಲ ಅಲ್ಲ. ಲೆವೆಲ್ ಮಾಡು" ಅಂದರು. ಅವರಿಗೆ ಏನೂ ಗೊತ್ತಿಲ್ಲ. ಬ್ಲೇಡಿನಿಂದ ಕೆರೆದು ತೆಗೆದೆ. ಗೋಂದು ಹಿಡಿದಿದ್ದರಿಂದ ಒಂದು ಕಾಳು ಮುರಿದು ಬಂತು. ಆಮೇಲೆ ಸಮ ಮಾಡಿ ಹಸಿರು ಹಾಕಿದೆ. ಎಲ್ಲಿತ್ತೆಂದು ಈಗ ಕೇಳಿದರೆ ನನಗೇ ತೋರಿಸಲು ಆಗುವುದಿಲ್ಲ. ಬಸ್ಸಿನಲ್ಲಿ ಉಗುರಿನ ಸಂದಿಯ ಹಸಿರು ಕೆರೆಯುತ್ತಾ ಬಂದೆ, ಅದು ಹೋಗಲಿಲ್ಲ. ಇನ್ನು ಏನು ಮಾಡಿದರೂ ಪ್ರಯೋಜನವಿಲ್ಲ ಅನಿಸುತ್ತದೆ ಅಣ್ಣಾ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಮಕ್ಕಳು ಚೆನ್ನಾಗಿರಲಿ.

ನಿನ್ನ ತಂಗಿ,
ರಾಧಾಮಣಿ

ಬರೆಯದೆ ಬಿಟ್ಟದ್ದು: ನಾಳೆ ಆ ಮೂಲೆಯಿಂದಲೇ ನೆಲ ಮಟ್ಟ ಮಾಡುತ್ತಾರಂತೆ, ಊರಿನ ಲಕ್ಕಣ್ಣ ಮಾವ ಹೇಳಿದರು. ಮೂಳೆ ತೆಗೆದು ಬೇರೆ ಕಡೆ ಇಡೋಣವೆಂದರೆ, "ಮೊದ್ಲ ಗುದ್ದಲಿ ಗಂಡುಮಗನೇ ಆಕ್ಬೇಕವ್ವಾ, ನೀನ್ ಮುಟ್ಟಂಗಿಲ್ಲ" ಎನ್ನುತ್ತಾರೆ. ಎರಡು ಹೊಸ ಮಡಕೆ ತಂದಿಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ ನಾನೂ ಅವರೂ ಹೊಂಗೆಮರದ ಹತ್ತಿರ ಇರುತ್ತೇವೆ. ಏಳಕ್ಕೆ ಜೆಸಿಬಿ ಬರುತ್ತದೆ.