ಖಾಲಿ ಮೊಳೆಗಳ ಗೋಡೆ

ರಿಷ್ತಾನ್,
ಏಪ್ರಿಲ್ ೬, ಭಾನುವಾರ

ಪ್ರೀತಿಯ ಅಪ್ಪಾ,

ನಿನ್ನ ಸೊಂಟನೋವು ಹೇಗಿದೆ? ಆ ಪರದೇಶದ ಕಜಾನಿನಲ್ಲಿ ಇನ್ನೂ ಹಿಮ ಕರಗಿಲ್ಲವಂತೆ. ಅಂಥ ಚಳಿಯಲ್ಲಿ ಇಟ್ಟಿಗೆ ಎತ್ತುವಾಗ ಅಮ್ಮ ಕಳಿಸಿದ ಒಂಟೆಯುಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತೀಯಾ, ಇಲ್ಲ ಅದು ಪೆಟ್ಟಿಗೆಯಲ್ಲೇ ಇದೆಯಾ? ನಿನ್ನ ಫೋನ್ ರಿಂಗಾಗಿ ರಿಂಗಾಗಿ ನಿಂತುಹೋಗುತ್ತದೆ, ಅದಕ್ಕೇ ಈ ಕಾಗದ. ಹಬ್ಬಕ್ಕೆ ಬಂದಿದ್ದ ನಮ್ಮ ಓಣಿಯ ಇಲ್ಹಾಮ್‌ಜೋನ್ ಮಾವ ಇವತ್ತು ಸಂಜೆ ಕಜಾನಿಗೆ ವಾಪಸ್ ಹೊರಡುತ್ತಾರೆ, ಅವರ ಕೈಗೇ ಕೊಡುತ್ತೇನೆ. ನಾವು ಚೆನ್ನಾಗಿದ್ದೇವೆ. ಅಂಗಳದ ಏಪ್ರಿಕಾಟ್ ಮರದ ಹೂವೆಲ್ಲ ಉದುರಿ ಪುಟ್ಟ ಪುಟ್ಟ ಕಾಯಿ ಕಚ್ಚಿವೆ. ತಾಷ್ಕೆಂಟಿನಲ್ಲಿ ನನ್ನ ಕಾಲೇಜೂ ನಡೆಯುತ್ತಿದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ; ಪ್ರೆಸೆಂಟೇಷನ್ ಅಂದರೆ ಹಿಂದಿನ ರಾತ್ರಿಯೆಲ್ಲ ಕನ್ನಡಿಯ ಮುಂದೆ ಬಾಯಿಪಾಠ. ಹಾಸ್ಟೆಲ್ ಊಟದ ಬಗ್ಗೆ ಬರೆಯುವುದಿಲ್ಲ, ಏಳನೇ ಕ್ಲಾಸಿಗೆ ಹಾಸ್ಟೆಲ್ ಸೇರಿದಾಗಿನಿಂದ ಅದೇ ದೂರು ಕೇಳಿ ಕೇಳಿ ನಿನಗೆ ಬೇಜಾರಾಗಿರಬೇಕು.

ನಿನಗೆ ಹೇಳಬೇಕಾದದ್ದು ನಮ್ಮ ಪುಟ್ಟ ಓಯ್ದಿನಳ ಚಿತ್ರದ ವಿಷಯ. ನಿನ್ನೆ ಅವಳ ಶಾಲೆಯಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನವಿತ್ತು. ವಿಷಯ, ‘ಮೂವತ್ತು ವರ್ಷದ ನಂತರ ನನ್ನ ದೇಶ’. ಅದಕ್ಕಾಗಿಯೇ ನಾನು ಶುಕ್ರವಾರದ ರೈಲು ಹಿಡಿದು ಬಂದೆ. ಕಾರಿಡಾರಿನ ಉದ್ದಕ್ಕೂ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಚಿತ್ರಗಳನ್ನು ನೇತುಹಾಕಿದ್ದರು. ಗಾಜಿನ ಗೋಪುರಗಳು, ಬಾವುಟಗಳು, ಹಾರುವ ಕಾರುಗಳು. ಮೊದಲು ಎಲ್ಲ ಒಂದೇ ಥರ ಅನ್ನಿಸಿತು. ಹತ್ತಿರ ಹೋಗಿ ನೋಡಿದರೆ, ಒಬ್ಬ ಹುಡುಗ ಮಾಸ್ಕೋದಿಂದ ರಿಷ್ತಾನಿಗೆ ಸೇತುವೆ ಕಟ್ಟಿದ್ದಾನೆ, ಅದರ ಮೇಲೆ ಅವನಪ್ಪ ಸೈಕಲ್ಲಿನಲ್ಲಿ ರಾತ್ರಿಯೂಟಕ್ಕೆ ಬರುತ್ತಿದ್ದಾನೆ. ಇನ್ನೊಬ್ಬಳು ನೆಲದಡಿಯ ಸುರಂಗ ಕೊರೆದು, ಅದರ ಬಾಯನ್ನು ತಮ್ಮ ಅಡುಗೆಮನೆಯಲ್ಲೇ ಇಟ್ಟಿದ್ದಾಳೆ. ಅಷ್ಟೊಂದು ವಿಮಾನ, ಅಷ್ಟೊಂದು ರೈಲು, ಅಪ್ಪಾ, ಎಲ್ಲದರ ಮೂತಿಯೂ ನಮ್ಮ ಕಡೆಗೇ. ಇಲ್ಲಿಂದ ಹೊರಡುವುದು ಒಂದೂ ಇರಲಿಲ್ಲ.

ನಮ್ಮವಳ ಚಿತ್ರ ಬಾಗಿಲ ಹಿಂದಿತ್ತು. ಬರೀ ಒಂದು ಬಿಳಿ ಗೋಡೆ, ಗೋಡೆ ತುಂಬ ಮೊಳೆಗಳು. ಡ್ರಾಯಿಂಗ್ ಹೇಳಿಕೊಡುವ ಮಸ್ತುರಾ ಅಕ್ಕ ನನ್ನ ಕಿವಿಯಲ್ಲಿ, “ಬೇಜಾರು ಮಾಡ್ಕೋಬೇಡಮ್ಮ, ನಿನ್ ತಂಗಿ ಪೂರ್ತಿ ಮಾಡ್ಲೇ ಇಲ್ಲ. ಒಂದ್ ಗೋಪುರನಾದ್ರೂ ಹಾಕೇ ಅಂದ್ರೆ ಮೂತಿ ಊದಿಸ್ಕೊಂಡು ಕೂತ್ಳು” ಎಂದರು. ಓಯ್ದಿನ್ ಸುಮ್ಮನಿರುವವಳೇ? “ಪೂರ್ತಿ ಆಗಿದೆ ಅಕ್ಕ! ಇದು ರೊಟ್ಟಿ ಗೋಡೆ. ಎಲ್ರ ಅಪ್ಪಂದಿರೂ ವಾಪಸ್ ಬಂದು, ಊರು ಬಿಡೋವಾಗ ಕಚ್ಚಿಟ್ಟಿದ್ದ ತಮ್ ತಮ್ ರೊಟ್ಟಿ ತಿಂದ್ಬಿಟ್ರು. ಅದಕ್ಕೇ ಖಾಲಿ. ಇದು ನಮ್ ಕ್ಲಾಸ್ ಬೋಬುರನ ಅಪ್ಪಂದು, ಇದು ಸಾನಿಯಾಂದು, ಇದು ಆ ಅಳುಮುಂಜಿ ಸರ್ದೋರಂದು” ಎಂದು ಒಂದೊಂದೇ ಮೊಳೆ ಮುಟ್ಟಿ ತೋರಿಸಿದಳು. ಮಸ್ತುರಾ ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಗಂಡನೂ ಮಗನೂ ನೀನಿರುವ ದೇಶದಲ್ಲೇ ಎಲ್ಲೋ ಸೈಬೀರಿಯಾದ ಕಡೆ ಕೆಲಸಕ್ಕಿದ್ದಾರಲ್ಲ.

ಗೋಡೆಯ ಮೂಲೆಯಲ್ಲಿ ಮಾತ್ರ ಒಂದು ರೊಟ್ಟಿ ಇನ್ನೂ ನೇತಾಡುತ್ತಿತ್ತು. ದುಂಡಗೆ, ನಡುವೆ ಅಚ್ಚೊತ್ತಿ, ಬಲಗಡೆ ಕಚ್ಚಿದ ಗುರುತು. ನೀನು ಹೊರಡುವ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಕಚ್ಚಿ ಕೊಟ್ಟೆಯಲ್ಲ, ನೀನು ತಿರುಗಿ ಬಂದು ಮುಗಿಸುವವರೆಗೆ ಇರಲೆಂದು ಅಮ್ಮ ಮನೆಯ ಗೋಡೆಗೆ ತೂಗುಹಾಕಿದ್ದು, ಅದೇ. ಓಯ್ದಿನ್ ಸ್ಟೂಲು ಹತ್ತಿ, ಬಟ್ಟೆ ಸರಿಸಿ ನೋಡಿ ನೋಡಿ ನಿನ್ನ ಹಲ್ಲಿನ ಗುರುತನ್ನೂ ಬಿಡದೆ ಬರೆದಿದ್ದಾಳೆ. ನಾನು ಕೇಳಬಾರದಿತ್ತು, ಕೇಳಿಬಿಟ್ಟೆ: “ನಮ್ಮಪ್ಪಂದು ಯಾಕೇ ಇನ್ನೂ ಅಲ್ಲೇ ಇದೆ?”

“ನಮ್ಮಪ್ಪಂಗೆ ಕೆಲ್ಸ ಜಾಸ್ತಿ ಅಲ್ವಾ ಅಕ್ಕಾ,” ಎಂದಳು, ನನಗೇ ಬುದ್ಧಿ ಹೇಳುವವಳ ಹಾಗೆ. “ಅವ್ರು ಎಲ್ರಿಗಿಂತ ಕೊನೇಲಿ ಬರ್ತಾರೆ. ಆದ್ರೆ ಬರ್ತಾರೆ.”

ಅಮ್ಮ ಪಕ್ಕದಲ್ಲೇ ಇದ್ದಳು. “ಬಣ್ಣದ ಡಬ್ಬಿ ಕೊಡ್ಸಿದ್ದು ದಂಡ ಆಯ್ತು, ಮೊಳೆ ಬರಿಯೋಕೆ ಪೆನ್ಸಿಲ್ ಸಾಕಿತ್ತಲ್ಲೇ!” ಎಂದು ನಕ್ಕಳು. ಸುತ್ತ ಇದ್ದ ಹೆಂಗಸರೂ ನಕ್ಕರು. ಮನೆಗೆ ಬಂದ ಅಮ್ಮ ಹೊರಗಿನ ಬಟ್ಟೆಯನ್ನೂ ಬದಲಿಸಲಿಲ್ಲ. ನಿನ್ನ ರೊಟ್ಟಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ದೂಳು ಊದಿ, ತನ್ನ ಮದುವೆಯ ಕರವಸ್ತ್ರ ಸುತ್ತಿ ಮತ್ತೆ ಅದೇ ಮೊಳೆಗೆ ತೂಗುಹಾಕಿದಳು. ಆಮೇಲೆ ತಂದೂರಿನ ಹತ್ತಿರ ಹೋಗಿ ಕೂತಳು. ಒಲೆ ಹಚ್ಚಿರಲಿಲ್ಲ.

ಚಿತ್ರಕ್ಕೆ ಬಹುಮಾನ ಬರಲಿಲ್ಲ. ಹಾರುವ ಕಾರಿಗೆ ಬಂತು. ಓಯ್ದಿನ್‌ಗೆ ಅದರ ಚಿಂತೆಯೇ ಇಲ್ಲ, ನಿನಗೆ ಕಳಿಸಬೇಕೆಂದು ಮಡಿಸಿ ಕೊಟ್ಟಿದ್ದಾಳೆ. ಈ ಕಾಗದದ ಜೊತೆಗಿದೆ. ಮಡಿಕೆಯಲ್ಲಿ ಹರಿಯದ ಹಾಗೆ ಬಿಡಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಎತ್ತರದಲ್ಲಿ ಕೆಲಸ ಮಾಡುವಾಗ ಹುಷಾರು. ಅಮ್ಮ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದಳು. ಓಯ್ದಿನಳ ಮುತ್ತು ಎಷ್ಟೆಂದು ಬರೆಯಲು ಜಾಗವಿಲ್ಲ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ನಿನ್ನ ಮಗಳು,
ಮುಖ್ಲಿಸಾ

ಮತ್ತೆ: ಇಲ್ಹಾಮ್‌ಜೋನ್ ಮಾವನ ಕಾರು ಬಾಗಿಲಿಗೆ ಬಂದಿದೆ, ಬೇಗ ಬರೆಯುತ್ತೇನೆ. ಅವರು ನಿನ್ನನ್ನು ಅಲ್ಲಿ ಮಾರ್ಕೆಟ್ಟಿನಲ್ಲಿ ನೋಡಿದರಂತೆ. ಹೆಗಲ ಮೇಲೆ ಒಂದು ಮಗು, ಪಕ್ಕದಲ್ಲಿ ಅದರ ತಾಯಿ. ಮಗು ನಿನ್ನನ್ನು ‘ಪಾಪಾ’ ಎನ್ನುತ್ತಿತ್ತಂತೆ. ನನ್ನೊಬ್ಬಳಿಗೇ ಹೇಳಿದ್ದಾರೆ, ಅಮ್ಮನಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದುಕೊಂಡಿದ್ದೇನೆ. ಜಗಳಕ್ಕೆ ಬರೆಯುತ್ತಿಲ್ಲ ಅಪ್ಪಾ. ಬರುವುದಾದರೆ ಬಾ, ಯಾರೂ ಏನೂ ಕೇಳುವುದಿಲ್ಲ. ಬರುವುದಿಲ್ಲವಾದರೆ ನನಗೆ ಒಂದು ಮಾತು ಹೇಳಿಬಿಡು. ನೀನು ಹೇಳದೆ ಆ ರೊಟ್ಟಿಯನ್ನು ಇಳಿಸುವಂತಿಲ್ಲ. ಹೇಳಿದರೆ, ಓಯ್ದಿನ್ ಶಾಲೆಗೆ ಹೋದಾಗ ನಾನೇ ಇಳಿಸಿ, ನೀರಲ್ಲಿ ನೆನೆಸಿ ಹಕ್ಕಿಗಳಿಗೆ ಹಾಕುತ್ತೇನೆ. ಅವಳಿಗೆ ಏನು ಹೇಳಬೇಕೋ ನಾನೇ ಹೇಳುತ್ತೇನೆ. ಯಾಕೆಂದರೆ ಹೇಳದೆ ಬಿಟ್ಟರೆ ಅವಳು ಮೂವತ್ತು ವರ್ಷ ನಿಜವಾಗಿಯೂ ಕಾಯುತ್ತಾಳೆ.