ಮುಚ್ಚಳದ ಮೇಲಿನ ಬೊಟ್ಟು

೧೭ ಮಾರ್ಚ್ ೧೯೭೪, ಭಾನುವಾರ
ರಾಜಾಜಿನಗರ

ಇವತ್ತೂ ಕಾರು ನಿಂತಿತು, ಸುಂಕದಕಟ್ಟೆ ದಾಟುವಾಗ, ಉರಿಬಿಸಿಲಲ್ಲಿ. ಈ ಹಳೇ ಮಾರಿಸ್‌ಗಾಗಿ ಎಷ್ಟು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ! ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತಿದೆ ಎಂದು ಪಂಪಿಗೆ ಒದ್ದೆ ಬಟ್ಟೆ ಸುತ್ತಿದೆ, ಕಾರ್ಬುರೇಟರ್ ಬಿಚ್ಚಿ ತೊಳೆದೆ. ಎಲ್ಲಾ ದಂಡ.

ಸಿಟ್ಟಿನಲ್ಲಿ ಇಳಿದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಗಾಳಿಯಾಡಲೆಂದು ಮುಚ್ಚಳದಲ್ಲಿ ಇರುವ ಸಣ್ಣ ತೂತು ಕಟ್ಟಿಹೋಗಿತ್ತು, ಒಳಗೆ ಗಾಳಿ ಹೋಗದೆ ಪೆಟ್ರೋಲ್ ಎಂಜಿನ್ನಿಗೆ ಹರಿಯುತ್ತಿರಲಿಲ್ಲ. ಒಣಗಿದ ಗಂಧ, ಅದರ ಮೇಲೆ ಕುಂಕುಮ.

ಆಯುಧಪೂಜೆಯ ದಿನ ವತ್ಸಲಾ ಇಟ್ಟದ್ದು. "ಗಾಡಿ ಊಟ ಮಾಡೋ ಬಾಯಲ್ವೇನ್ರೀ ಇದು? ಇದಕ್ಕೂ ಒಂದು ಬೊಟ್ಟು ಇರ್ಲಿ" ಎಂದು ನಕ್ಕಿದ್ದಳು. ದೀಪಾವಳಿಗೆ ಅವಳೇ ಇರಲಿಲ್ಲ. ಆಮೇಲೆ ಗಾಡಿ ತೆಗೆದದ್ದೇ ಕಡಿಮೆ, ತೊಳೆದದ್ದಂತೂ ಇಲ್ಲ. ಬಂಕಿನಲ್ಲಿ ಹುಡುಗರೇ ಮುಚ್ಚಳ ತೆಗೆದು ಮುಚ್ಚುತ್ತಾರೆ, ನಾನು ಸೀಟು ಬಿಟ್ಟು ಏಳುವುದಿಲ್ಲ.

ಜೊತೆಗಿದ್ದ ಮಗಳು ಅಂಬುಜಾ ಸೆರಗಿನ ಪಿನ್ನು ತೆಗೆದು ಕೊಟ್ಟಳು. "ತೂತಷ್ಟೇ ಬಿಡ್ಸಪ್ಪಾ, ಸುತ್ತ ಇರೋದು ಹಾಗೇ ಇರ್ಲಿ" ಎಂದಳು. ಹುಷಾರಾಗಿಯೇ ಚುಚ್ಚಿದೆ. ಆದರೆ ಬೊಟ್ಟು ಪೂರ್ತಿ ಎದ್ದು ಬಂತು. ಅಂಗೈ ಒಡ್ಡುವಷ್ಟರಲ್ಲಿ ಪುಡಿಯಾಗಿ ರಸ್ತೆಯ ಧೂಳಿಗೆ ಬಿತ್ತು. ಅವಳು ಬಗ್ಗಿ ಒಂದಿಷ್ಟು ಹುಡುಕಿದಳು. ಯಾವುದು ಧೂಳು, ಯಾವುದು ಗಂಧ, ಗೊತ್ತಾಗಲಿಲ್ಲ.

ಗಾಡಿ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಮಾಗಡಿ ರಸ್ತೆಯುದ್ದಕ್ಕೂ, ಎಲ್ಲಾದರೂ ಇನ್ನೊಂದೇ ಒಂದು ಸಲ ನಿಲ್ಲಲಿ ಎಂದು ಕಾಯುತ್ತಾ ಬಂದೆ. ಮನೆ ಬಂದುಬಿಟ್ಟಿತು.